ನನ್ನ ರಿವಾಲ್ವರಿನ ಕೆಂಪು ಚುಕ್ಕಿ

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ಐವತ್ತೈದು ತುಂಬಿದ ಮೇಲೂ ಗುಡೇಕೋಟೆ ಕಡೆಯ ಗುಡ್ಡದ ನೆತ್ತಿಯಲ್ಲಿ ಮೇಯುವ ಆಡುಗಳಲ್ಲಿ ಯಾವುದು ಕುಂಟುತ್ತಿದೆ ಎಂದು ಠಾಣೆಯ ಕಟ್ಟೆಯ ಮೇಲೆ ಕುಳಿತೇ ಹೇಳುತ್ತಿದ್ದೆ. ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಹರಪನಹಳ್ಳಿ ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಅದರ ಬೋರ್ಡು ಓದಿ, ಪಕ್ಕದವರಿಗೆ ಟವೆಲ್ ಹಾಕಿ ಸೀಟು ಹಿಡಿಯಲು ಹೇಳುತ್ತಿದ್ದೆ. ಕೈಕೊಟ್ಟದ್ದು ಹತ್ತಿರದ ನೋಟ ಮಾತ್ರ. ಅದೂ ಪೂರ್ತಿ ಹೋಗಿರಲಿಲ್ಲ, ಸ್ವಲ್ಪ ದೂರ ಸರಿದು ನಿಂತಿತ್ತು.

ಮೊದಮೊದಲು ಅರ್ಜಿಗಳನ್ನು ಮೊಳದಷ್ಟು ದೂರ ಹಿಡಿದು ಓದುತ್ತಿದ್ದೆ. ಆಮೇಲೆ ಕೈ ಪೂರ್ತಿ ಚಾಚಬೇಕಾಯಿತು. ಕೊನೆಗೊಂದು ದಿನ ಕೈಯ ಉದ್ದವೇ ಸಾಲದಾಯಿತು! ಸಬ್ ಇನ್‌ಸ್ಪೆಕ್ಟರ್ ಆದವನು ಇಂಥದ್ದನ್ನು ಕೆಳಗಿನವರ ಮುಂದೆ ಒಪ್ಪಿಕೊಳ್ಳುವುದುಂಟೇ? ಅರ್ಜಿ ತಂದವರಿಗೇ ಅದನ್ನು ಗಟ್ಟಿಯಾಗಿ ಓದಲು ಹೇಳಿ, ನಾನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಕೇಳತೊಡಗಿದೆ. ಸಾಹೇಬರು ದನಿ ಕೇಳಿಯೇ ಸುಳ್ಳು ಹಿಡಿಯುತ್ತಾರೆ ಎಂಬ ಕೀರ್ತಿ ದೂರದ ಇಟ್ಟಿಗಿಯವರೆಗೂ ಹಬ್ಬಿತು. ನಾನು ಅದನ್ನು ನಿರಾಕರಿಸಲಿಲ್ಲ.

ಮೋಸ ಹೋಗದವಳು ಒಬ್ಬಳೇ, ನನ್ನ ಮನೆಯವಳು ಕೊಟ್ರಮ್ಮ. ಅನ್ನದಲ್ಲಿನ ಕಲ್ಲು ಕಾಣದೆ ನಾನು ಎರಡು ಸಲ ಹಲ್ಲು ನೋಯಿಸಿಕೊಂಡಾಗಲೇ ಅವಳಿಗೆ ಎಲ್ಲ ಅರ್ಥವಾಗಿತ್ತು. ಒಂದು ಕನ್ನಡಕ ತೆಗೆದುಕೊಳ್ಳಿ, ಯಾರೂ ನಗುವುದಿಲ್ಲ ಎಂದು ಸಮಾಧಾನವಾಗಿಯೇ ಹೇಳಿದಳು. ಕನ್ನಡಕ ಏನಿದ್ದರೂ ಶಾಲೆಯ ಮಾಸ್ತರಿಗೆ, ತಾಲೂಕು ಕಚೇರಿಯ ಗುಮಾಸ್ತರಿಗೆ ಎಂದು ನಾನು ಗತ್ತಿನಿಂದ ಉತ್ತರಿಸಿದೆ. ಕಳ್ಳನೊಬ್ಬನನ್ನು ಹಿಡಿದು, ‘ತಡಿಯಪ್ಪಾ’ ಎಂದು ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಅವನ ಮುಖ ನೋಡುವ ಅಧಿಕಾರಿಗೆ ಯಾವ ಕಳ್ಳ ತಾನೇ ಹೆದರಿಯಾನು? ಇದು ನನ್ನ ವಾದವಾಗಿತ್ತು. ಕೊಟ್ರಮ್ಮ ವಾದಕ್ಕೆ ನಿಲ್ಲಲಿಲ್ಲ. ಅಂದಿನಿಂದ ಅಕ್ಕಿಯನ್ನು ಎರಡು ಸಲ ಆರಿಸತೊಡಗಿದಳು.

ಇಷ್ಟಕ್ಕೇ ನಿಂತಿದ್ದರೆ ನನ್ನ ನೌಕರಿಯ ಉಳಿದ ಎರಡೂವರೆ ವರ್ಷ ಸುಖವಾಗಿ ಕಳೆದುಹೋಗುತ್ತಿತ್ತು. ಆದರೆ ನಮ್ಮ ಇಲಾಖೆಯಲ್ಲಿ ವರ್ಷಕ್ಕೊಮ್ಮೆ ಗುಂಡು ಹಾರಿಸುವ ಪರೀಕ್ಷೆ ಇರುತ್ತದೆ. ರಿವಾಲ್ವರಿನ ಮೂತಿಯ ಮೇಲೊಂದು ಸಣ್ಣ ಮೊಳಕೆ, ಹಿಂಭಾಗದಲ್ಲಿ ಒಂದು ಕಚ್ಚು. ಆ ಮೊಳಕೆಯನ್ನು ಆ ಕಚ್ಚಿನ ನಡುವೆ ಕೂರಿಸಿ, ಎರಡನ್ನೂ ದೂರದ ಗುರಿಗೆ ಸರಿಯಾಗಿ ಹಿಡಿದು ಕುದುರೆ ಎಳೆಯಬೇಕು. ನನಗೆ ಗುರಿ ಕಾಣುತ್ತಿತ್ತು. ಗುರಿಯ ಹಿಂದಿನ ಗುಡ್ಡ, ಗುಡ್ಡದ ಮೇಲಿನ ಕಳ್ಳಿ, ಕಳ್ಳಿಯ ಮೇಲಿನ ಓತಿಕ್ಯಾತ ಎಲ್ಲವೂ ಕಾಣುತ್ತಿದ್ದವು. ಕಾಣದ್ದು ಆ ಮೊಳಕೆ ಮತ್ತು ಆ ಕಚ್ಚು. ನನ್ನ ಕೈಯಲ್ಲೇ ಇದ್ದ ರಿವಾಲ್ವರ್ ನನಗೆ ಮಂಜು ಮಂಜಾಗಿ ಕಾಣುತ್ತಿತ್ತು.

ಆರು ಗುಂಡಿನಲ್ಲಿ ಮೂರು ತಾಗಿದರೆ ಪಾಸು. ಹಿಂದಿನ ವರ್ಷ ದೇವರ ದಯೆಯಿಂದ ಮೂರು ತಾಗಿತ್ತು. ಈ ವರ್ಷ ಹೊಸದಾಗಿ ಬಂದ ಡಿವೈಎಸ್ಪಿ ಸಾಹೇಬರು ಮೈಸೂರು ಕಡೆಯವರು, ವಯಸ್ಸಿನಲ್ಲಿ ನನ್ನ ಮಗನಂತಿದ್ದರು, ಬಹಳ ಉತ್ಸಾಹಿ. ಮೂರು ತಾಗಿಸಲಾರದವರು ಠಾಣೆ ಬಿಟ್ಟು ಜಿಲ್ಲಾ ಕೇಂದ್ರದ ಕಚೇರಿ ಕೆಲಸಕ್ಕೆ ಹೋಗತಕ್ಕದ್ದು ಎಂದು ಸುತ್ತೋಲೆ ಹೊರಡಿಸಿದರು. ಆ ಸುತ್ತೋಲೆಯನ್ನು ರೈಟರ್ ಕಾನ್‌ಸ್ಟೆಬಲ್ ನನಗೆ ಗಟ್ಟಿಯಾಗಿ ಓದಿ ಹೇಳಿದ. ದನಿ ಕೇಳಿದ ಕೂಡಲೇ ಅದು ಸುಳ್ಳಲ್ಲ ಎಂದು ನನಗೆ ತಿಳಿಯಿತು.

ಜಿಲ್ಲಾ ಕೇಂದ್ರಕ್ಕೆ ಹೋಗುವುದರಲ್ಲಿ ಏನಿದೆ ಎಂದು ನೀವು ಕೇಳಬಹುದು. ನನ್ನ ನೌಕರಿಯುದ್ದಕ್ಕೂ ಕೊಟ್ರಮ್ಮ ಹನ್ನೊಂದು ಊರಲ್ಲಿ ಒಲೆ ಹೂಡಿದ್ದಳು. ಹಡಗಲಿಯಲ್ಲಿ ಉಪ್ಪಿನಕಾಯಿ ಹಾಕಿ ಹಗರಿಬೊಮ್ಮನಹಳ್ಳಿಯಲ್ಲಿ ಬರಣಿ ತೆಗೆದವಳು ಅವಳು. ಕೊನೆಗೆ ಮೂರು ವರ್ಷದ ಹಿಂದೆ ಅವಳ ತವರೂರು ಕೊಟ್ಟೂರಿನಲ್ಲಿ ಸ್ವಂತ ಮನೆಗೆ ಬಂದಿದ್ದೆವು. ಬಂದ ದಿನವೇ ಅವಳು ಟ್ರಂಕುಗಳನ್ನು ಅಟ್ಟಕ್ಕೆ ಹಾಕಿಸಿ, ಏಣಿಯನ್ನು ಅಕ್ಕನ ಮನೆಗೆ ಕೊಟ್ಟುಬಿಟ್ಟಿದ್ದಳು. ಸುತ್ತೋಲೆಯ ಸುದ್ದಿ ಹೇಳಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆಯೇ ಹೇಳಿದಳು.

“ಇನ್ನೊಮ್ಮಿ ಸಾಮಾನು ಕಟ್ಟಾಕ ನನ್ನ ಕೈಲೆ ಆಗಂಗಿಲ್ಲ. ನೀವು ಹೋಗೂದಾದ್ರ ಹೋಗ್ರಿ. ನಾನು ಈ ಮನಿ ಬಿಟ್ಟು ಬರಂಗಿಲ್ಲ.”

ಕೊಟ್ರಮ್ಮ ಸಿಟ್ಟಿನಲ್ಲಿ ಆಡಿದ ಮಾತು ಸಂಜೆಗೆ ಮರೆತುಹೋಗುತ್ತದೆ. ಸಮಾಧಾನದಲ್ಲಿ ಆಡಿದ ಮಾತು ಹಾಗಲ್ಲ. ಇದು ಸಮಾಧಾನದ್ದು.

ಅಂಥ ಹೊತ್ತಿಗೆ ಸರಿಯಾಗಿ ಅಳಿಯ ವೀರೇಶ ಮಸ್ಕತ್ತಿನಿಂದ ರಜೆಗೆ ಬಂದ. ಅವನು ಅಲ್ಲಿ ಯಾವನೋ ಬಿಳಿ ಸಾಹೇಬನ ಕಾರು ಓಡಿಸುತ್ತಿದ್ದ. ಆ ಸಾಹೇಬ ಕೆಲಸ ಬಿಟ್ಟು ತನ್ನ ದೇಶಕ್ಕೆ ಹೋಗುವಾಗ ಮನೆಯಲ್ಲಿದ್ದ ಬೇಡದ ವಸ್ತುಗಳನ್ನೆಲ್ಲ ಡ್ರೈವರನಿಗೆ ಕೊಟ್ಟುಹೋಗಿದ್ದ. ಮಗಳಿಗೆ ಇಸ್ತ್ರಿಪೆಟ್ಟಿಗೆ ಬಂತು, ಅತ್ತೆಗೆ ಸೀರೆ ಬಂತು, ಮಾವನಿಗೆ ಒಂದು ಕರೀ ನಳಿಗೆ ಬಂತು. ಗೇಣುದ್ದದ ಆ ನಳಿಗೆಯ ಎರಡು ತುದಿಗೂ ಗಾಜು, ಪಕ್ಕದಲ್ಲೊಂದು ತಿರುಗಿಸುವ ಗುಂಡಿ, ಹೊಟ್ಟೆಯಲ್ಲಿ ನಾಣ್ಯದಂಥ ಬ್ಯಾಟರಿ.

“ಮಾವಾರ, ಇದು ಬಂದೂಕಿನ ಮ್ಯಾಲೆ ಕೂಡಿಸೂದು. ಒಳಗ ಕೆಂಪು ಚುಕ್ಕಿ ಕಾಣತೈತಿ. ಚುಕ್ಕಿ ಎಲ್ಲಿ ಐತೋ ಗುಂಡು ಅಲ್ಲೇ ಹೋಗತೈತಿ. ಮೊಳಕಿ ನೋಡೂದ ಬ್ಯಾಡ,” ಎಂದ ವೀರೇಶ.

ಗುಂಡಿ ತಿರುಗಿಸಿ ಕಣ್ಣಿಗೆ ಹಿಡಿದೆ. ನಮ್ಮ ಬೀದಿಯ ತುದಿಯ ಬೇವಿನ ಮರ, ಅದರ ಮೇಲೆ ಸ್ಪಷ್ಟವಾದ, ಚೂಪಾದ, ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕಿ! ಬೆಳಕಿನ ಆ ಚುಕ್ಕಿ ಹತ್ತಿರದ ಗಾಜಿನಲ್ಲಿರದೆ, ಬೇವಿನ ಮರದ ಮೇಲೇ ಕುಳಿತಂತೆ ಕಾಣುತ್ತಿತ್ತು. ದೂರದ್ದು ನನಗೆ ಕಾಣುತ್ತದೆ, ಚುಕ್ಕಿಯೂ ದೂರದಲ್ಲೇ ಇದೆ. ಇನ್ನೇನು ಬೇಕು? ಅಳಿಯನನ್ನು ತಬ್ಬಿಕೊಳ್ಳಬೇಕೆನಿಸಿತು. ಮದುವೆಯಾದ ಆರು ವರ್ಷದಲ್ಲಿ ಅವನ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಅದೇ ಮೊದಲು.

ಪ್ರಶ್ನೆ ಉಳಿದದ್ದು ಒಂದೇ. ಆ ನಳಿಗೆ ಬೇರೆ ಯಾವುದೋ ದೊಡ್ಡ ಬಂದೂಕಿಗೆ ಮಾಡಿದ್ದು. ನನ್ನ ಸರ್ಕಾರಿ ರಿವಾಲ್ವರಿನ ಬೆನ್ನ ಮೇಲೆ ಅದು ಕೂರುವುದು ಹೇಗೆ? ವೆಲ್ಡಿಂಗ್ ಅಂಗಡಿಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ, ಸರ್ಕಾರಿ ಆಸ್ತಿಗೆ ಕಲೆಯೂ ಬೀಳುತ್ತದೆ. ಬಹಳ ಯೋಚಿಸಿ ಅಕ್ಕಸಾಲಿ ಮೌನೇಶಾಚಾರಿಯ ಬಳಿ ಹೋದೆ. ನಮ್ಮ ಓಣಿಯ ಅರ್ಧ ಜನರ ಕೊರಳಲ್ಲಿರುವ ಲಿಂಗದ ಕರಡಿಗೆಗಳು ಅವನ ಕೈಯವೇ. ಅವನು ಮಾಡಿದ ಕರಡಿಗೆಯ ಮುಚ್ಚಳ ಬಿಗಿಯಾಗಿ ಕೂತಿತೆಂದರೆ ಉಗುರು ಕೂಡ ನಡುವೆ ಹೋಗುತ್ತಿರಲಿಲ್ಲ. ನನಗೆ ಬೇಕಾದದ್ದು ಅಂಥ ಬಿಗಿತ.

ಆಚಾರಿ ರಿವಾಲ್ವರನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡ. ದಾರದಿಂದ ಅದರ ಕೊರಳಿನ ಅಳತೆ ತೆಗೆದ. ಬೆಳ್ಳಿಯಲ್ಲೋ ಹಿತ್ತಾಳೆಯಲ್ಲೋ ಎಂದು ಕೇಳಿದ. ಹಿತ್ತಾಳೆ ಸಾಕು, ಎರಡು ಪಟ್ಟಿ, ಒಂದು ತಿರುಪು, ಬೇಕಾದಾಗ ಬಿಚ್ಚುವಂತಿರಬೇಕು ಎಂದು ನಾನು ಮೂರು ಸಲ ಹೇಳಿದೆ. ವಾರ ಬಿಟ್ಟು ಹೋದಾಗ ಕೆಲಸ ಮುಗಿದಿತ್ತು. ನಳಿಗೆ ರಿವಾಲ್ವರಿನ ಮೇಲೆ ಅಲುಗದೆ ಕೂತಿತ್ತು. ಆದರೆ ಪಟ್ಟಿಗಳ ಅಂಚಿಗೆ ಸುತ್ತ ಕಮಲದ ಎಸಳು ಕೆತ್ತಿದ್ದ! ತಿರುಪಿನ ತಲೆಯ ಮೇಲೆ ಸಾಸಿವೆಯಷ್ಟು ಸಣ್ಣ ಬಸವಣ್ಣ ಮಲಗಿದ್ದ. ಇದೇನಿದು ಎಂದು ಕೇಳಿದೆ.

“ಬರೇ ಪಟ್ಟಿ ಬೋಳು ಕಾಣತಿತ್ತು ಸಾಹೇಬ್ರ. ಕೈ ತಡೀಲಿಲ್ಲ,” ಎಂದ ಆಚಾರಿ. ತಿರುಪು ಸಡಿಲ ಆಗಬಾರದೆಂದು ಒಳಗೆ ಅರಗು ತುಂಬಿರುವುದಾಗಿಯೂ, ಇನ್ನು ಬೆಂಕಿಗೆ ಹಿಡಿದ ಹೊರತು ಅದು ಬಿಡುವುದಿಲ್ಲವೆಂದೂ ಹೆಮ್ಮೆಯಿಂದ ತಿಳಿಸಿದ. ಬಿಚ್ಚುವಂತಿರಬೇಕು ಎಂಬ ನನ್ನ ಮಾತನ್ನು ಅವನು ಗಿರಾಕಿಗಳ ಮಾಮೂಲು ಬಡಬಡಿಕೆ ಎಂದುಕೊಂಡಿದ್ದ. ರಿವಾಲ್ವರಿಗೆ ಬೆಂಕಿ ತೋರಿಸುವ ಧೈರ್ಯ ಯಾರಿಗಿದೆ? ಹೀಗೆ ಸರ್ಕಾರದ ಆಯುಧವೊಂದು ಕಮಲದ ಒಡ್ಯಾಣ ತೊಟ್ಟುಕೊಂಡು ನನ್ನ ಚೀಲದಲ್ಲಿ ಮನೆಗೆ ಬಂತು.

ಈಗ ಚುಕ್ಕಿಯನ್ನು ಸರಿಹೊಂದಿಸಬೇಕು. ನಾಲ್ಕು ಗುಂಡು ಹಾರಿಸಿ, ಅವು ಎಲ್ಲಿ ಬೀಳುತ್ತವೋ ನೋಡಿ, ಚುಕ್ಕಿಯನ್ನು ಅತ್ತಿತ್ತ ಸರಿಸಬೇಕು ಎಂದು ವೀರೇಶ ಹೇಳಿದ್ದ. ಸರ್ಕಾರಿ ಗುಂಡೊಂದು ಕಡಿಮೆಯಾದರೆ ಅದಕ್ಕೆ ಪಂಚನಾಮೆ, ವಿವರಣೆ, ವಿವರಣೆಗೆ ಮತ್ತೊಂದು ವಿವರಣೆ. ಆ ತಂಟೆಯೇ ಬೇಡವೆಂದು ನಾನೊಂದು ಉಪಾಯ ಮಾಡಿದೆ. ಹಳೆಯ ಮೊಳಕೆ, ಕಚ್ಚುಗಳನ್ನು ಪಟ್ಟಿಯ ಪಕ್ಕದಿಂದ ಓರೆಯಾಗಿ ನೋಡಿ ಒಂದು ಬಂಡೆಗೆ ಹಿಡಿದು, ಚುಕ್ಕಿಯನ್ನೂ ಅದೇ ಬಂಡೆಗೆ ತಂದರೆ ಮುಗಿಯಿತಲ್ಲ? ಅಮೋಘ ಉಪಾಯ. ಅದರಲ್ಲಿದ್ದ ದೋಷ ಒಂದೇ, ಮೊಳಕೆ ನನಗೆ ಕಾಣುವಂತಿದ್ದರೆ ಈ ನಳಿಗೆಯೇ ಬೇಕಿರಲಿಲ್ಲ! ಕೊನೆಗೆ ಕೊಟ್ರಮ್ಮನನ್ನೇ ಹಿತ್ತಲಿಗೆ ಕರೆದೆ. ನಾನು ರಿವಾಲ್ವರ್ ಹಿಡಿದು ನಿಂತೆ, ಅವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ‘ಇನ್ನ ಸ್ವಲ್ಪ ಎಡಕ್ಕ’ ಎನ್ನುತ್ತ ಹೋದಳು. ಪಕ್ಕದ ಮನೆಯ ನಿಂಗಪ್ಪಜ್ಜ ಗೋಡೆಯಾಚೆಯಿಂದ ಇದನ್ನು ನೋಡಿ, ಗಂಡ ಹೆಂಡತಿ ಸೇರಿ ಯಾರನ್ನೋ ಮುಗಿಸಲು ಹೊರಟಿದ್ದಾರೆಂದು ಎರಡು ದಿನ ಹಿತ್ತಲಿಗೇ ಬರಲಿಲ್ಲ.

ಚುಕ್ಕಿ ಸರಿಹೊಂದಿತೆಂದು ನಾನು ನಂಬಿದೆ. ನಂಬಿದ ಮೇಲೆ ಸುಮ್ಮನಿರಬೇಕಿತ್ತು. ಠಾಣೆಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿದೆ. ಕಾನ್‌ಸ್ಟೆಬಲ್‌ಗಳು ಸಾಲುಗಟ್ಟಿ ನೋಡಿದರು. ದೂರು ಕೊಡಲು ಬಂದವರೂ ನೋಡಿದರು, ಒಬ್ಬ ಆರೋಪಿಯೂ ನೋಡಿ ತಲೆದೂಗಿದ. ನಾಲ್ಕು ದಿನಕ್ಕೆ ಚುಕ್ಕಿ ಮಂಕಾಯಿತು. ಅಂಥ ಬ್ಯಾಟರಿ ಕೊಟ್ಟೂರಿನಲ್ಲಿಲ್ಲ, ಕೂಡ್ಲಿಗಿಯಲ್ಲಿಲ್ಲ, ಹೊಸಪೇಟೆಯಲ್ಲಿ ವಿಚಾರಿಸಿದರೆ ಅಂಗಡಿಯವನು ನನ್ನನ್ನೇ ಅನುಮಾನದಿಂದ ನೋಡಿದ. ಉಳಿದ ಜೀವವನ್ನು ಪರೀಕ್ಷೆಯ ದಿನಕ್ಕೆಂದು ಕಾಪಾಡಲು ಗುಂಡಿ ತಿರುಗಿಸಿ ಚುಕ್ಕಿ ಆರಿಸಿ, ನಳಿಗೆಗೆ ಬಟ್ಟೆ ಸುತ್ತಿಟ್ಟೆ. ಆ ದಿನದವರೆಗೆ ಅದರೊಳಗೆ ಇಣುಕಿ ನೋಡುವುದಿಲ್ಲವೆಂದು ನನಗೆ ನಾನೇ ಆಣೆ ಹಾಕಿಕೊಂಡೆ.

ಪರೀಕ್ಷೆ ದಸರೆಯ ಮಾರನೆಯ ವಾರ ಇತ್ತು. ನಡುವೆ ಆಯುಧಪೂಜೆ ಬಂತು. ಠಾಣೆಯಲ್ಲಿ ಬಂದೂಕುಗಳನ್ನೆಲ್ಲ ಸಾಲಾಗಿ ಒರಗಿಸಿ, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ, ಕುಂಬಳಕಾಯಿ ಒಡೆದೆವು. ಒಡ್ಯಾಣ ತೊಟ್ಟ ನನ್ನ ರಿವಾಲ್ವರನ್ನು ಮಾತ್ರ ಆ ಸಾಲಿನಲ್ಲಿಡಲು ಸಂಕೋಚವಾಗಿ ಮನೆಗೆ ತಂದೆ. ಮನೆಯಲ್ಲಿ ಕೊಟ್ರಮ್ಮ ಹೊಲಿಗೆ ಯಂತ್ರ, ಒಳಕಲ್ಲು, ಈಳಿಗೆ, ನನ್ನ ಸೈಕಲ್ಲು ಎಲ್ಲಕ್ಕೂ ಪೂಜೆ ಮಾಡಿದಳು. ನಾನು ಹೋಳಿಗೆ ಉಂಡು ಮಲಗಿದ್ದೆ. ಅವಳು ಬಟ್ಟೆ ಬಿಚ್ಚಿ ರಿವಾಲ್ವರಿಗೂ ಪೂಜೆ ಮಾಡಿ, ಮತ್ತೆ ಬಟ್ಟೆ ಸುತ್ತಿಟ್ಟಳು. ಈ ವರ್ಷ ಆ ಪೂಜೆಯನ್ನು ಉಳಿದವುಗಳಿಗಿಂತ ಹೆಚ್ಚು ಹೊತ್ತು ಮಾಡಿದ್ದಳೆಂದು ಮಗಳು ಆಮೇಲೆ ಹೇಳಿದಳು.

ಪರೀಕ್ಷೆಯ ದಿನ ಗುಡ್ಡದ ಬುಡದ ಬಯಲಿನಲ್ಲಿ ಐದು ತಾಲೂಕಿನ ಸಬ್ ಇನ್‌ಸ್ಪೆಕ್ಟರುಗಳು, ಜಮೇದಾರರು ನೆರೆದಿದ್ದರು. ಗುರಿಹಲಗೆಗಳನ್ನು ನೆಟ್ಟಿದ್ದರು. ನಾನು ಬಟ್ಟೆ ಬಿಚ್ಚಿದೆ. ರಿವಾಲ್ವರಿನ ಮೈಮೇಲೆ ಮೂರು ಗೆರೆ ವಿಭೂತಿ ಇತ್ತು, ಭಕ್ತಿಯಿಂದ ಒರೆಸಿದೆ. ಡಿವೈಎಸ್ಪಿ ಸಾಹೇಬರು ಅತ್ತ ಬಂದವರು ಗಕ್ಕನೆ ನಿಂತರು. ಇನ್ನು ಮೆಮೋ ಖಂಡಿತ ಎಂದುಕೊಂಡೆ. ಆದರೆ ಅವರ ಕಣ್ಣು ಅರಳಿತು! ಇಂಥದ್ದನ್ನು ತಾವು ಪತ್ರಿಕೆಯಲ್ಲಿ ಮಾತ್ರ ನೋಡಿರುವುದಾಗಿ ಹೇಳಿ, ಎಲ್ಲರನ್ನೂ ಹತ್ತಿರ ಕರೆದರು. ಈ ವಯಸ್ಸಿನಲ್ಲೂ ಹೊಸತನ್ನು ಕಲಿಯುವ ಅಧಿಕಾರಿಯನ್ನು ನೋಡಿ ಯುವಕರು ಬುದ್ಧಿ ಕಲಿಯಬೇಕೆಂದು ಐದು ನಿಮಿಷ ಭಾಷಣ ಮಾಡಿದರು. ನಲವತ್ತು ಜನ ನನ್ನ ಬೆನ್ನ ಹಿಂದೆ ಅರ್ಧಚಂದ್ರಾಕಾರವಾಗಿ ನಿಂತರು. ಅಷ್ಟು ಜನ ನನ್ನ ಮದುವೆಗೂ ಬಂದಿರಲಿಲ್ಲ.

ಗುಂಡಿ ತಿರುಗಿಸಿ, ಕೈ ಚಾಚಿ, ನಳಿಗೆಯಲ್ಲಿ ನೋಡಿದೆ. ಚುಕ್ಕಿ ಇತ್ತು! ಮಂಕಾಗಿದ್ದ ಚುಕ್ಕಿ ಈಗ ಕೆಂಪಗೆ ಹೊಳೆಯುತ್ತಿತ್ತು. ಸ್ವಲ್ಪ ದಪ್ಪವಾಗಿತ್ತು, ಅಂಚು ಮಸುಕಾಗಿತ್ತು. ಹಬ್ಬದ ಹೋಳಿಗೆ ನನ್ನನ್ನೇ ದಪ್ಪ ಮಾಡಿರುವಾಗ ಚುಕ್ಕಿಯದೇನು ಎಂದುಕೊಂಡೆ. ಕೊಟ್ರಮ್ಮನ ಪೂಜೆ ಫಲ ಕೊಟ್ಟಿದೆ ಎಂದು ಮನಸ್ಸಿನಲ್ಲೇ ಅವಳಿಗೆ ಕೈ ಮುಗಿದೆ. ಚುಕ್ಕಿ ಗುರಿಹಲಗೆಯನ್ನು ಪೂರ್ತಿ ಮುಚ್ಚಿಕೊಂಡಿತ್ತು. ಇಷ್ಟು ದೊಡ್ಡ ಚುಕ್ಕಿ ಇಷ್ಟು ಚೆನ್ನಾಗಿ ಕೂತ ಮೇಲೆ ತಪ್ಪುವ ಮಾತೇ ಇಲ್ಲ.

ಮೊದಲ ಗುಂಡು ಪಕ್ಕದ ಹಲಗೆಯ ಮೇಲಿದ್ದ ನಂಬರಿನ ಚೀಟಿಯನ್ನು ಹಾರಿಸಿತು. ಎರಡನೆಯದು ಕೆಂಪು ಬಾವುಟದ ಕೋಲಿಗೆ ಬಡಿಯಿತು. ಮೂರನೆಯದಕ್ಕೆ ಗುಡ್ಡದ ಬಂಡೆಯೊಂದು ಕಿಡಿ ಕಾರಿತು. ನಾಲ್ಕನೆಯದು ನನ್ನಿಂದ ಹತ್ತು ಹೆಜ್ಜೆ ದೂರದ ಮರಳಿನ ಚೀಲಕ್ಕೆ ಬಿದ್ದಾಗ ಅರ್ಧಚಂದ್ರ ಹಿಂದೆ ಸರಿದು ಕಾಲುಚಂದ್ರವಾಯಿತು. ಐದು ಮತ್ತು ಆರು ಎಲ್ಲಿ ಹೋದವೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಗುರಿಹಲಗೆ ಮಾತ್ರ ಬಡಗಿಯ ಅಂಗಡಿಯಿಂದ ಆಗ ತಂದಂತೆ ನಿಂತಿತ್ತು.

ಆಯುಧಗಳ ಉಸ್ತುವಾರಿಯ ಜಮೇದಾರ ಖಾದರ್ ಸಾಬ್ ಬಂದು ರಿವಾಲ್ವರನ್ನು ಕೈಗೆ ತೆಗೆದುಕೊಂಡ. ಹಳೆಯ ಮನುಷ್ಯ, ನನ್ನ ಸಮವಯಸ್ಕ. ಮುಂದಿನ ಗಾಜನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಬೆರಳಿನಿಂದ ಮೆಲ್ಲಗೆ ಒರೆಸಿ, ಆ ಬೆರಳನ್ನು ನನ್ನ ಮುಖದ ಮುಂದೆ ಹಿಡಿದ. ಹತ್ತಿರ ಹಿಡಿದಿದ್ದರಿಂದ ನನಗೆ ಕಾಣಲಿಲ್ಲ. ಸ್ವಲ್ಪ ದೂರ ಹಿಡಿ ಎಂದೆ. ದೂರ ಹಿಡಿದ. ಬೆರಳಿನ ತುದಿ ಕೆಂಪಾಗಿತ್ತು.

“ಸಾಹೇಬ್ರ, ಇದು ಕುಂಕುಮ,” ಎಂದ ಖಾದರ್ ಸಾಬ್, ಯಾರಿಗೂ ಕೇಳದಂತೆ. “ಬ್ಯಾಟ್ರಿ ಎಂದೋ ಸತ್ತೈತಿ.”

ನಡೆದದ್ದು ಆಗ ತಿಳಿಯಿತು. ಪೂಜೆಯ ದಿನ ಕೊಟ್ರಮ್ಮ ನಳಿಗೆಯ ಮುಂದಿನ ಗಾಜಿನ ನಟ್ಟನಡುವೆ, ಅದೇ ಅದರ ಹಣೆ ಎಂದು ತಿಳಿದು, ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟಿದ್ದಳು. ನಾನು ಆರು ಸರ್ಕಾರಿ ಗುಂಡುಗಳನ್ನು ಆ ಕುಂಕುಮ ನಂಬಿ ಹಾರಿಸಿದ್ದೆ. ಗಾಜಿಗೆ ಅಂಟಿದ ಬೊಟ್ಟು ಬೆಳಕಿನ ಚುಕ್ಕಿಯಂತೆ ಗುರಿ ತೋರಿಸುವುದಿಲ್ಲ, ಕೈ ಹೇಗೆ ಓಲಿದರೂ ಅದು ಯಾವುದಾದರೂ ಒಂದರ ಮೇಲೆ ಕೂತೇ ಇರುತ್ತದೆ.

ಡಿವೈಎಸ್ಪಿ ಸಾಹೇಬರಿಗೆ ಖಾದರ್ ಸಾಬ್ ಬ್ಯಾಟರಿಯ ವಿಷಯ ಮಾತ್ರ ಹೇಳಿದ, ಕುಂಕುಮದ ಸುದ್ದಿ ಎತ್ತಲಿಲ್ಲ. ಅವನ ಉಪಕಾರವನ್ನು ನಾನು ಮರೆಯುವಂತಿಲ್ಲ. ಸಾಹೇಬರು ಇನ್ನೊಂದು ರಿವಾಲ್ವರ್ ಕೊಡಿಸಿ, ಇನ್ನೊಂದು ಅವಕಾಶ ಕೊಟ್ಟರು. ಅದರಲ್ಲಿ ಮೊಳಕೆ, ಕಚ್ಚು ಎಲ್ಲ ಇದ್ದವಂತೆ. ನನಗೆ ಕಂಡದ್ದು ಹೊಗೆಯ ಮುದ್ದೆ. ಆರರಲ್ಲಿ ಒಂದು ತಾಗಿತು, ಅದೂ ಹಲಗೆಯ ಕಾಲಿಗೆ.

ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದೊಯ್ದರು. ಬೈಯಲಿಲ್ಲ. ಬೈದಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಗುಡ್ಡದ ಬುಡದಲ್ಲಿ ನೆಟ್ಟಿದ್ದ ಎಚ್ಚರಿಕೆಯ ಬೋರ್ಡನ್ನು ತೋರಿಸಿ, ಅದರಲ್ಲಿ ಏನು ಬರೆದಿದೆ ಓದಿ ಎಂದು ಮೆಲ್ಲಗೆ ಕೇಳಿದರು.

ಗುಂಡು ಹಾರಿಸುವ ಸ್ಥಳ, ದನಕರು ಬಿಡಬಾರದು ಎಂದು ಬರೆದಿತ್ತು. ಬೋರ್ಡಿನ ಮೇಲೊಂದು ಕಾಗೆ ಕುಳಿತಿತ್ತು. ಅದರ ಕೊಕ್ಕಿನಲ್ಲಿ ರೊಟ್ಟಿಯ ಚೂರಿತ್ತು. ಎಲ್ಲವೂ ನನಗೆ ಅಂಗೈಯಷ್ಟು ಸ್ಪಷ್ಟವಾಗಿ ಎಂದು ಬರೆಯಹೊರಟೆ, ಅಂಗೈ ನನಗೆ ಸ್ಪಷ್ಟ ಕಾಣುವುದಿಲ್ಲವೆಂದು ನೆನಪಾಗಿ ಬಿಟ್ಟಿದ್ದೇನೆ. ಅಂತೂ ಕಾಣುತ್ತಿತ್ತು.

ಆಗ ನನ್ನ ಪೊಲೀಸ್ ಬುದ್ಧಿ ಚುರುಕಾಯಿತು. ಓದಿಬಿಟ್ಟರೆ ಏನಾಗುತ್ತದೆ? ಕಣ್ಣು ಸರಿಯಿದ್ದೂ ಹನ್ನೆರಡರಲ್ಲಿ ಒಂದು ತಾಗಿಸಿದ್ದಾನೆ ಎಂದರೆ ಅದು ಕರ್ತವ್ಯದಲ್ಲಿ ನಿರ್ಲಕ್ಷ್ಯ. ಜೊತೆಗೆ ಸರ್ಕಾರಿ ರಿವಾಲ್ವರಿಗೆ ಕಮಲದ ಒಡ್ಯಾಣ. ಕಣ್ಣು ಕಾಣುವುದಿಲ್ಲ ಎಂದರೆ? ಪಾಪ, ವಯಸ್ಸಾಗಿದೆ, ಇನ್ನೆಷ್ಟು ದಿನ, ಇದ್ದಲ್ಲೇ ಇರಲಿ ಎಂದು ಕರುಣೆ ಹುಟ್ಟುತ್ತದೆ. ಈ ಸಾಹೇಬರ ಮುಖದಲ್ಲಿ ಕರುಣೆ ಆಗಲೇ ಅರ್ಧ ಹುಟ್ಟಿತ್ತು. ಉಳಿದರ್ಧ ಹೊರಗೆಳೆಯುವುದು ನನ್ನ ಕೈಯಲ್ಲಿತ್ತು. ಕಣ್ಣು ಕಿರಿದು ಮಾಡಿ, ಕತ್ತು ಮುಂದೆ ಚಾಚಿ, ಅತ್ತಿತ್ತ ಹುಡುಕಿದೆ.

“ಯಾವ ಬೋರ್ಡು ಸರ್?” ಎಂದೆ.

ಸಾಹೇಬರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. “ಮೊದಲೇ ಹೇಳಬಾರದಿತ್ತೇನ್ರೀ? ನಮ್ಮ ತಂದೆಯವರಿಗೂ ಹೀಗೇ ದೂರದ ದೃಷ್ಟಿ ಹೋಗಿತ್ತು. ನಿಮ್ಮನ್ನು ಈ ಗುಡ್ಡಗಾಡಿನಲ್ಲಿ ಅಲೆಸಿದರೆ ನನಗೆ ಪಾಪ ಬರುತ್ತೆ. ನೀವೇನೂ ಯೋಚನೆ ಮಾಡಬೇಡಿ, ನಾನು ನೋಡ್ಕೋತೀನಿ,” ಎಂದರು. ನಾನು ಗೆದ್ದೆನೆಂದುಕೊಂಡು, ಅವರು ಕೈ ಹಿಡಿದು ನಡೆಸಿದಂತೆ ಜೀಪಿನವರೆಗೆ ತಡವರಿಸುತ್ತ ನಡೆದೆ.

ಅವರು ನೋಡಿಕೊಂಡರು. ಎಂಟೇ ದಿನದಲ್ಲಿ ಆದೇಶ ಬಂತು. ನನಗೆ ಓದಲಾಗದೆ ಕೊಟ್ರಮ್ಮನಿಂದಲೇ ಓದಿಸಿದೆ. ಸದರಿ ಅಧಿಕಾರಿಯವರಿಗೆ ದೂರದ ದೃಷ್ಟಿ ಇಲ್ಲದಿರುವುದರಿಂದ, ಮಾನವೀಯತೆಯ ನೆಲೆಯಲ್ಲಿ ಅವರನ್ನು ಠಾಣೆಯ ಕೆಲಸದಿಂದ ಬಿಡುಗಡೆಗೊಳಿಸಿ, ಹತ್ತಿರದಿಂದ ಮಾಡಬಹುದಾದ ಕೆಲಸಕ್ಕೆ, ಎಂದರೆ ಜಿಲ್ಲಾ ಕೇಂದ್ರದಲ್ಲಿ ಹಳೆಯ ಕಡತಗಳನ್ನು ಓದಿ ಪಟ್ಟಿ ಮಾಡುವ ಕೆಲಸಕ್ಕೆ ನಿಯೋಜಿಸಲಾಗಿದೆ ಎಂದಿತ್ತು. ಅವಧಿ, ನಿವೃತ್ತಿಪರ್ಯಂತ.

ಕೊಟ್ರಮ್ಮ ಕಾಗದ ಮಡಿಚಿಟ್ಟು, ಅಲ್ಲಿ ಏನೇನಾಯಿತು ಎಲ್ಲ ಹೇಳಿ ಎಂದಳು. ಹೇಳಿದೆ. ಕುಂಕುಮದ ವಿಷಯ ಬಂದಾಗ ಅವಳ ಮುಖ ಸಣ್ಣದಾಯಿತು. ಬೋರ್ಡಿನ ವಿಷಯ ಬಂದಾಗ ತಲೆ ಎತ್ತಿದಳು.

“ಕುಂಕುಮ ಇಟ್ಟದ್ದು ನಾನು. ಊರು ಬಿಡೂದು ಬ್ಯಾಡ ಅಂತ ಬೇಡ್ಕೊಂಡ ಇಟ್ಟಿದ್ದೆ, ಅದು ನನ್ನ ತಪ್ಪು ಅಂತ ಒಪ್ಕೋತೀನಿ. ಬೋರ್ಡು ಕಾಣಂಗಿಲ್ಲ ಅಂದದ್ದು ಯಾರ ತಪ್ಪು?”

ಅವಳು ಅಕ್ಕನ ಮನೆಯಿಂದ ಏಣಿ ತರಿಸಿದಳು. ಅಟ್ಟದಿಂದ ಒಂದೇ ಒಂದು ಟ್ರಂಕು ಇಳಿಸಿದಳು. ಅದರಲ್ಲಿ ಒಂದು ತಟ್ಟೆ ಇಟ್ಟಳು, ಒಂದು ಲೋಟ, ಒಂದು ಹಾಸಿಗೆ ಹೊದಿಕೆ. ಮೂವತ್ತು ವರ್ಷದಲ್ಲಿ ನಮ್ಮ ಸಾಮಾನು ಎಷ್ಟೋ ಸಲ ಕಟ್ಟಿದ್ದೆವು, ತಟ್ಟೆ ಯಾವಾಗಲೂ ಜೋಡಿಯಾಗಿ ಹೋಗುತ್ತಿದ್ದವು. ಆ ಒಂಟಿ ತಟ್ಟೆ ನೋಡಿ ನನಗೆ ಅಳು ಬಂತು. ಅವಳಿಗೂ ಬಂದಿತ್ತು, ಆದರೆ ಅವಳು ಬರುತ್ತೇನೆ ಎನ್ನಲಿಲ್ಲ, ನಾನು ಬಾ ಎನ್ನಲಿಲ್ಲ. ಹನ್ನೊಂದು ಊರು ಸುತ್ತಿಸಿದವನಿಗೆ ಕರೆಯುವ ಬಾಯಿ ಎಲ್ಲಿಂದ ಬರಬೇಕು?

ಕಡತಗಳ ಕೋಣೆಗೆ ಕಿಟಕಿ ಒಂದೇ. ಗೋಡೆಯುದ್ದಕ್ಕೂ ಮೂವತ್ತು ವರ್ಷದ ಕಡತ, ಎಲ್ಲವೂ ಎಳ್ಳಿನ ಕಾಳಿನಂಥ ಅಕ್ಷರದಲ್ಲಿ ಬರೆದವು. ಮೊದಲ ದಿನ ಒಂದು ಕಡತ ತೆರೆದು ಕೈ ಚಾಚಿ ಹಿಡಿದೆ, ಸಾಲಲಿಲ್ಲ. ಕೊನೆಗೆ ಕಡತವನ್ನು ಕಿಟಕಿಗೆ ಒರಗಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು, ದಪ್ಪಕ್ಷರದ ತಲೆಬರಹವನ್ನಷ್ಟೇ ಓದತೊಡಗಿದೆ. ಹಾಳೆ ತಿರುಗಿಸಲು ಮುಂದೆ ಹೋಗುವುದು, ಓದಲು ಹಿಂದೆ ಬರುವುದು. ಬಾಗಿಲಲ್ಲಿ ಇಣುಕಿದ ಜವಾನ, ದೂರ ಕಾಣದ ಸಾಹೇಬರು ದೂರ ನಿಂತು ಓದುತ್ತಿರುವುದನ್ನು ನೋಡಿ, ಬಾಗಿಲು ಮುಚ್ಚಿಕೊಂಡು ಹೋದ. ಸಂಜೆಗೆ ಕಾಲು ಬಾತುಕೊಂಡವು. ನಾಲ್ಕೇ ಕಡತ ಮುಗಿದಿದ್ದವು.

ಮೂರನೆಯ ದಿನ ಸೋತು, ಬಜಾರಿನ ಕನ್ನಡಕದ ಅಂಗಡಿಗೆ ಹೋಗಿ ಕುಳಿತೆ. ಅಂಗಡಿಯವರು ಹಿರಿಯರು. ನನ್ನ ಮುಂದೆ ಅಕ್ಷರದ ಪಟ ನೇತುಹಾಕಿ ಓದಿಸಿದರು. ಕೊನೆಯ ಸಾಲಿನ ಕೆಳಗೆ ಇದ್ದ ಮುದ್ರಣಾಲಯದ ಹೆಸರನ್ನೂ ಓದಿಬಿಟ್ಟೆ. ಅವರು ಬೆರಗಾಗಿ ಎದ್ದು ನಿಂತರು. ಆಮೇಲೆ ಒಂದು ಪುಸ್ತಕ ಕೈಗೆ ಕೊಟ್ಟರು, ಅದರಲ್ಲಿ ಒಂದಕ್ಷರವೂ ಕಾಣಲಿಲ್ಲ. ಮಸೂರಗಳನ್ನು ಬದಲಿಸುತ್ತ, ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಕೇಳಿದರು, ಹೇಳಿದೆ.

“ನಿಮ್ಮ ದೂರದ ನೋಟ ಹದ್ದಿನಂಗೈತಲ್ರೀ, ಈ ವಯಸ್ಸಿನ್ಯಾಗ ಇಂಥ ಕಣ್ಣು ನಾ ನೋಡಿಲ್ಲ. ನಿಮ್ಮನ್ನ ಬಯಲಾಗ ಬಿಡೂದು ಬಿಟ್ಟು ಆ ಕತ್ತಲ ಕ್ವಾಣ್ಯಾಗ ಕಡತ ಓದಾಕ ಕೂಡಿಸಿದವರು ಯಾರ್ರೀ?” ಎಂದರು.

ನಾನೇ, ಎಂದೆ.